ಟೋಪಿಯ ಚೂರು ತುರುಕಿದ ಯಂತ್ರ

ಉಗಿಯಂತ್ರ ಎಂದೊಡನೆ ರೈಲು ನೆನಪಾಗುತ್ತದೆ. ರೈಲು ಬಂದದ್ದು ಎಷ್ಟೋ ಕಾಲದ ಮೇಲೆ. ಯಂತ್ರ ಹುಟ್ಟಿದ್ದು ಗಣಿಯೊಳಗಿನ ನೀರು ಎತ್ತುವುದಕ್ಕೆ. 1712ರಲ್ಲಿ ಇಂಗ್ಲೆಂಡಿನ ಡಡ್ಲಿಯ ಬಳಿ ಥಾಮಸ್ ನ್ಯೂಕೊಮೆನ್ ಅಂಥದ್ದೊಂದನ್ನು ನಿಲ್ಲಿಸಿದ. ಸಿಲಿಂಡರಿಗೆ ಉಗಿ ತುಂಬುವುದು, ತಣ್ಣೀರು ಚಿಮ್ಮಿಸುವುದು. ಉಗಿ ನೀರಾಗಿ ಒಳಗೆ ಬರಿದಾಗುತ್ತಲೇ ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ಅದುಮುವುದು. ನಿಜವಾಗಿ ದುಡಿದದ್ದು ಗಾಳಿ, ಉಗಿ ಅದಕ್ಕೆ ಜಾಗ ಮಾಡಿಕೊಟ್ಟಿತು ಅಷ್ಟೆ. ನನಗಿದು ಇವತ್ತಿಗೂ ಸೋಜಿಗ.

ಕಾದದ್ದನ್ನು ತಣಿಸಿ ಮತ್ತೆ ಕಾಯಿಸುವ ಈ ಪರಿಗೆ ಕಲ್ಲಿದ್ದಲು ರಾಶಿಗಟ್ಟಲೆ ಬೇಕು. ಕಲ್ಲಿದ್ದಲು ಗಣಿಯವರು ಅದನ್ನು ಲೆಕ್ಕಿಸಲಿಲ್ಲ. ಕಾರ್ನ್‌ವಾಲಿನ ತವರ, ತಾಮ್ರದ ಗಣಿಗಳಿಗೆ ಮಾತ್ರ ಇದ್ದಲು ವೇಲ್ಸಿನಿಂದ ಹಡಗೇರಿ ಬರಬೇಕು. ಅವರಿಗೆ ಈ ಪೋಲು ತಡೆಯುವಂತಿರಲಿಲ್ಲ.

ಕೆಟಲಿನ ಮುಚ್ಚಳ ಕುಣಿದದ್ದು ಕಂಡು ಜೇಮ್ಸ್ ವಾಟನಿಗೆ ಉಗಿಯಂತ್ರ ಹೊಳೆಯಿತೆಂಬ ಕಥೆ ಬಿಡಿ. ಗ್ಲಾಸ್ಗೋದಲ್ಲಿ ನ್ಯೂಕೊಮೆನ್ ಯಂತ್ರದ ಮಾದರಿಯೊಂದನ್ನು ರಿಪೇರಿ ಮಾಡುತ್ತಿದ್ದ ವಾಟನಿಗೆ ಈ ಪೋಲೇ ಕಣ್ಣಿಗೆ ಕುಕ್ಕಿತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿಯೇ ಇರುತ್ತದೆ ಎಂದು 1765ರಲ್ಲಿ ಹೊಳೆಯಿತು. ಹೊಳೆದರೇನು, ಸರಿಯಾಗಿ ದುಂಡಗಿರುವ ಸಿಲಿಂಡರು ಮಾಡಿಕೊಡುವವರು ಬೇಕಲ್ಲ! ಪಿಸ್ಟನ್ನಿನ ಸಂದಿಗೆ ಎಣ್ಣೆ ಬಟ್ಟೆ, ಬಿರಡೆ, ಹಳೆ ಟೋಪಿಯ ಚೂರು ಎಲ್ಲ ತುರುಕಿದ್ದಾಯಿತು. ಉಗಿ ನಿಲ್ಲಲಿಲ್ಲ. ವರ್ಷಗಳು ಹಾಗೇ ಉರುಳಿದವು.

ಕೊನೆಗೆ ಕೈಹಿಡಿದವನು ಜಾನ್ ವಿಲ್ಕಿನ್ಸನ್. ಫಿರಂಗಿಯ ನಳಿಗೆ ಕೊರೆಯಲು 1774ರಲ್ಲಿ ಹೊಸ ಉಪಾಯ ಕಂಡುಕೊಂಡಿದ್ದ ಈ ಕಬ್ಬಿಣದ ಕಾರ್ಖಾನೆಯವನು ಸಿಲಿಂಡರನ್ನೂ ಕೊರೆದುಕೊಟ್ಟ. ಐವತ್ತು ಅಂಗುಲದ ವ್ಯಾಸದಲ್ಲಿ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲ ಎಂದು ವಾಟನ ಪಾಲುದಾರ ಬೌಲ್ಟನ್ ಹಿಗ್ಗಿ ಬರೆದ. ವಾಟನಿಗೆ ಸಿಕ್ಕ ಕೀರ್ತಿಯಲ್ಲಿ ದೊಡ್ಡ ಪಾಲು ವಿಲ್ಕಿನ್ಸನ್ನನಿಗೆ ಸಲ್ಲಬೇಕು. ಕೈಕೆಲಸ ಬಲ್ಲವರನ್ನು ಚರಿತ್ರೆ ಹಿಂದಿನ ಸಾಲಿನಲ್ಲಿ ಕೂರಿಸುವುದನ್ನು ನನಗೆ ಸಹಿಸಲಾಗದು.

ನೀರು ಎತ್ತುತ್ತಿದ್ದ ಯಂತ್ರ ಗಾಲಿ ತಿರುಗಿಸಲು ಕಲಿತದ್ದು 1780ರ ದಶಕದಲ್ಲಿ. ಅಲ್ಲಿಯವರೆಗೆ ಹತ್ತಿ ಗಿರಣಿ ಇದ್ದದ್ದು ಹರಿಯುವ ನೀರಿನ ಪಕ್ಕದಲ್ಲಿ, ಹೊಳೆ ಬತ್ತಿದರೆ ಕೆಲಸ ನಿಲ್ಲುತ್ತಿತ್ತು. ಆಮೇಲೆ ಗಿರಣಿಗಳು ಮ್ಯಾಂಚೆಸ್ಟರಿನಂಥ ಊರು ಸೇರಿದವು. ಹಳ್ಳಿಯ ಜನ ಅವುಗಳ ಬೆನ್ನಿಗೇ ಹೊಗೆಯೊಳಕ್ಕೆ ಹೋದರು, ಮಕ್ಕಳನ್ನೂ ಕಟ್ಟಿಕೊಂಡು. ಬಟ್ಟೆ ಅಗ್ಗವಾದದ್ದನ್ನು ಹೇಳುವಾಗ ಇದನ್ನೂ ಹೇಳಲೇಬೇಕು.

ಮುಂದೆ ಕಾರ್ನ್‌ವಾಲಿನ ಗಣಿಗಳು ಸೊರಗಿದಾಗ ಅಲ್ಲಿನ ಕೆಲಸಗಾರರು ನಮ್ಮ ಕೋಲಾರದ ಚಿನ್ನದ ಗಣಿಗೂ ಬಂದರು. ಅಲ್ಲೂ ದುಡಿಯುತ್ತಿದ್ದದ್ದು ಉಗಿಯೇ. 1902ರಲ್ಲಿ ಶಿವನಸಮುದ್ರದಲ್ಲಿ ಹೊಳೆಯ ನೀರಿನಿಂದ ತೆಗೆದ ವಿದ್ಯುತ್ತನ್ನು ಸುಮಾರು 150 ಕಿಲೋಮೀಟರ್ ತಂತಿ ಎಳೆದು ತಂದರು. ಹೊಳೆಯ ಬಲ ಬೇಕೆಂದರೆ ಹೊಳೆಯ ದಂಡೆಗೇ ಹೋಗಬೇಕಾದ ಕಾಲ ಅಲ್ಲಿಗೆ ಮುಗಿದಿತ್ತು.