ಇಪ್ಪತ್ತು ವರ್ಷಕ್ಕೊಂದು ಗುಡಿ

ಜಪಾನಿನ ಇಸೆಗೆ ನಾನು ಹೋದದ್ದು ಹಳೆಯ ಗುಡಿಯೊಂದನ್ನು ಕಣ್ತುಂಬ ನೋಡುವ ಆಸೆಯಿಂದ. ಶಿಂಟೋ ಧರ್ಮದವರಿಗೆ ಅದಕ್ಕಿಂತ ದೊಡ್ಡ ಕ್ಷೇತ್ರವಿಲ್ಲ. ನಗೋಯಾದಲ್ಲಿ ಕೆಲಸಕ್ಕಿರುವ ಮಗಳು, "1300 ವರ್ಷದ ಇತಿಹಾಸ ಅಪ್ಪ, ಬನ್ನಿ" ಎಂದು ರೈಲು ಹತ್ತಿಸಿದ್ದಳು. ಇಸುಜು ಹೊಳೆಯ ಮೇಲಿನ ಉಜಿ ಸೇತುವೆ ದಾಟಿ, ಹೊಳೆಗಿಳಿದು ಕೈ ತೊಳೆದು, ಭಾರಿ ಮರಗಳ ನಡುವೆ ಜಲ್ಲಿ ತುಳಿಯುತ್ತ ನಡೆದೆವು. ಕೊನೆಗೆ ಕಂಡದ್ದು ಮರದ ಬೇಲಿ, ಬಿಳಿಯ ಪರದೆ, ಅದರಾಚೆ ಹುಲ್ಲು ಹೊದಿಸಿದ ಮಾಡು. ಸೂರ್ಯದೇವಿ ಅಮತೆರಾಸುವಿನ ಸನ್ನಿಧಿ. ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರೆ ದರ್ಶನ ಮುಗಿಯಿತು.

"ಈ ಕಟ್ಟಡ 2013ರದು" ಎಂದಳು ಮಗಳು. ನನಗೆ ಮೋಸ ಹೋದಂತಾಯಿತು.

ಆಮೇಲೆ ವಿವರಿಸಿದಳು. ಚಕ್ರವರ್ತಿನಿ ಜಿತೊ ಆಳುತ್ತಿದ್ದಾಗ, 690ರಲ್ಲಿ ಮೊದಲಾದ ಪದ್ಧತಿಯಂತೆ. 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ರಾತ್ರಿಯ ಕತ್ತಲಲ್ಲಿ ದೇವಿಯನ್ನು ಅಲ್ಲಿಗೆ ಕರೆದೊಯ್ಯುತ್ತಾರೆ; ಹಳೆಯದನ್ನು ಬಿಚ್ಚುತ್ತಾರೆ. ಅಂತರ್ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಇದು ನಿಂತೇ ಹೋಗಿತ್ತಂತೆ. ಮತ್ತೆ ಹಿಡಿದರು. 2013ರದು 62ನೆಯ ಸಲ, ಮುಂದಿನದು 2033ಕ್ಕೆ. ಅಡಿಗಲ್ಲಿಲ್ಲದೆ ನೇರ ಮಣ್ಣಿನಲ್ಲಿ ನೆಟ್ಟ ಹಿನೋಕಿ ಮರದ ಕಂಬಗಳು ಹೇಗೂ ಬಹುಕಾಲ ಬಾಳುವುದಿಲ್ಲ. ಬಿಚ್ಚಿದ ಮರವನ್ನೂ ಬಿಸಾಡುವುದಿಲ್ಲ. ಸೇತುವೆಯ ಎರಡೂ ತುದಿಯಲ್ಲಿ ನಾವು ದಾಟಿಬಂದ ತೊರಿ ಹೆಬ್ಬಾಗಿಲುಗಳು ಹಳೆಯ ಗುಡಿಗಳ ಕಂಬಗಳೇ.

"20ರ ಹುಡುಗ ಮರ ಹೊತ್ತು ಕಲಿಯುತ್ತಾನೆ, 40ಕ್ಕೆ ತಾನೇ ಕಟ್ಟುತ್ತಾನೆ, 60ಕ್ಕೆ ಕಲಿಸುತ್ತಾನೆ. ಅದಕ್ಕೇ 20 ವರ್ಷ ಅಂತಾರೆ ಅಪ್ಪ."

ನಾನು ಸುಮ್ಮನಾದೆ. ನನ್ನ ತಂದೆ ಬಡಗಿ. ನಮ್ಮೂರ ತೇರಿನ ಗಾಲಿ ಅವರ ಕೈಯದು. ನಾನು ಉಳಿಗೆ ಕೈ ಹಾಕಿದರೆ, "ಪುಸ್ತಕ ಹಿಡಿ, ನಿನಗ್ಯಾಕೆ ಇದು" ಎಂದು ಕಸಿದುಕೊಳ್ಳುತ್ತಿದ್ದರು. ನಾನು ಓದಿದೆ, ಗುಮಾಸ್ತನಾದೆ. ಅವರು ಹೋದ ಮೇಲೆ ಉಳಿ, ಬಾಚಿ, ಕೊಡತಿಗಳನ್ನೆಲ್ಲ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಇಳಿಸಿ, ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತೇನೆ. ಅಪ್ಪನನ್ನು ಜೋಪಾನವಾಗಿ ಕಾಪಾಡಿದ್ದೇನೆಂದೇ ಅಂದುಕೊಂಡಿದ್ದೆ.

ಹಿಂತಿರುಗುವಾಗ ಸೇತುವೆಯ ಬಳಿ ಮಗಳು ಕೇಳಿದಳು, "ಅಜ್ಜ ಉಳಿ ಹೇಗೆ ಹಿಡೀತಿದ್ರು?"

ತೋರಿಸೋಣವೆಂದು ಕೈ ಎತ್ತಿದೆ. ಹೆಬ್ಬೆರಳು ಎಲ್ಲಿರಬೇಕೆಂಬುದೇ ತಿಳಿಯಲಿಲ್ಲ.