ಭರಣಿ ಮತ್ತು ಪೀಪಾಯಿ

ಹುಳಿ ಬರಿಸುವ ವಿದ್ಯೆಯನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಚಳಿಗಾಲದಲ್ಲಿ ದೋಸೆ ಹಿಟ್ಟನ್ನು ಒಲೆಯ ಮಗ್ಗುಲಲ್ಲಿಡಬೇಕು, ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬಾರದು, ಇವೆಲ್ಲ ತವರಿನ ಬಳುವಳಿ. ಆದರೆ ಅದೇ ಹುಳಿ ದ್ರಾಕ್ಷಿ ರಸಕ್ಕೆ ಬಂದರೆ ಮಾತ್ರ ಸೆರಗನ್ನು ಮೂಗಿಗೆ ಹಿಡಿಯುತ್ತೇವೆ. ಹಿಡಿಯಲು ಕಾರಣವೂ ಇದೆ ಅನ್ನಿ.

ಹೊನ್ನಾಳಿಯ ನನ್ನ ತಂಗಿಯ ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪ ನೋಡಿ ಬಂದವಳು ಚನ್ನಗಿರಿಯ ನಮ್ಮ ಮನೆಗೆ ಒಂದು ಬಾಟಲಿ ಬಿಳಿ ವೈನ್ ತಂದಳು. ನನ್ನ ಮುಖ ನೋಡಿದವಳೇ, "ದೊಡ್ಡಮ್ಮಾ, ಕುಡೀದಿದ್ರೆ ಬೇಡ, ಕಥೆನಾದ್ರೂ ಕೇಳು" ಅಂದಳು.

ಕಥೆ ಕೇಳುವಂಥದ್ದೇ. ಸುಮಾರು 3,600 ವರ್ಷಗಳ ಹಿಂದೆ ಅಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಸಮುದ್ರದ ಪಾಲಾಯಿತು. ಉಳಿದದ್ದು ಬೂದಿ ಮತ್ತು ಹಗುರವಾದ ನೊರೆಗಲ್ಲು. ಮಳೆ ನಮ್ಮ ಜಗಳೂರಿಗಿಂತಲೂ ಕಡಿಮೆ. ಗಾಳಿಯೋ, ಬಳ್ಳಿಯನ್ನು ನಿಲ್ಲಗೊಡದು. ಅದಕ್ಕೇ ಅಲ್ಲಿನ ರೈತರು ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸದೆ ನೆಲದ ಮೇಲೇ ಬುಟ್ಟಿಯಂತೆ ಸುತ್ತಿ ಹೆಣೆಯುತ್ತಾರೆ. ಗೊಂಚಲು ಬುಟ್ಟಿಯೊಳಗೆ ಮರೆಯಾಗಿ ಬೆಳೆಯುತ್ತದೆ. ರಾತ್ರಿ ಸಮುದ್ರದಿಂದ ಬರುವ ಮಂಜಿನ ತೇವವನ್ನು ನೊರೆಗಲ್ಲು ಹಿಡಿದಿಡುತ್ತದೆ. 19ನೆಯ ಶತಮಾನದಲ್ಲಿ ಯುರೋಪಿನ ದ್ರಾಕ್ಷಿ ತೋಟಗಳನ್ನು ನುಂಗಿದ ಬೇರುಕೀಟ ಈ ಮಣ್ಣಿನಲ್ಲಿ ಮಾತ್ರ ಬೇರೂರಲಿಲ್ಲ.

ಅಲ್ಲಿನ ಅಸಿರ್ಟಿಕೊ ಎಂಬ ಬಿಳಿ ದ್ರಾಕ್ಷಿಯ ರಸವನ್ನು ಕೆಲವರು ಸ್ಟೀಲ್ ತೊಟ್ಟಿಯ ಬದಲು ಓಕ್ ಮರದ ಪೀಪಾಯಿಯಲ್ಲೇ ಹುಳಿ ಬರಿಸುತ್ತಾರೆ. ಸಕ್ಕರೆಯೆಲ್ಲ ಮದ್ಯವಾದ ಮೇಲೂ ತಳದ ಗಸಿಯನ್ನು ತೆಗೆಯದೆ, ಆಗಾಗ ಕೋಲಿನಿಂದ ಕದಡುತ್ತ ತಿಂಗಳುಗಟ್ಟಲೆ ಇಡುತ್ತಾರೆ. ಆಗ ಆ ದ್ರಾಕ್ಷಿಯ ಚುರುಕು ಹುಳಿ ಮೆತ್ತಗಾಗುತ್ತದಂತೆ. "ನಮ್ಮ ಮಾವಿನಕಾಯಿ ಭರಣಿ ತಿರುವಿದಂಗೇ ಆತಲ್ಲೇ" ಎಂದಳು ಅಂದು ಬಂದಿದ್ದ ನ್ಯಾಮತಿಯ ನಾದಿನಿ. ಸರಿಯಾಗೇ ಹೇಳಿದಳು.

ಬೆಂಕಿಯ ನೆಲ ನಮ್ಮ ನಾಡಿನಲ್ಲೂ ಇದೆ. ವಿಜಯಪುರದ ಕಡೆಯ ಕರಿಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ ಕಲ್ಲು ಕರಗಿ ಆದದ್ದು. ಆ ನೆಲದ ದ್ರಾಕ್ಷಿಯನ್ನು ಒಣಗಿಸಿದ್ದು ನಮ್ಮ ಪಾಯಸಕ್ಕೆ ಬೀಳುತ್ತದೆ. ವೈನಿಗೂ ಸರ್ಕಾರ ದಾರಿ ಮಾಡಿದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯೂ ಬಂತು. ಒಂದು ಕೈಯಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದ ಹಾಗೆ.

ಜಗಳೂರಿನ ನನ್ನ ತವರಿಗೆ ಪಾತ್ರೆ ತಿಕ್ಕಲು ಒಬ್ಬಾಕೆ ಬರುತ್ತಿದ್ದಳು. ಕೂಲಿ ದುಡ್ಡನ್ನು ಗಂಡನ ಕಣ್ಣು ತಪ್ಪಿಸಿ ರಾಗಿ ಡಬ್ಬಿಯ ತಳದಲ್ಲಿ ಹುದುಗಿಸುತ್ತಿದ್ದಳು. ಅವನು ಡಬ್ಬಿಯನ್ನೇ ಬೋರಲು ಹಾಕುತ್ತಿದ್ದ. ಸಾರಾಯಿ ನಿಂತ ದಿನ ಅವ್ವನ ಹತ್ತಿರ ಬಂದು ಅತ್ತಳಂತೆ, ಸಂತೋಷಕ್ಕೆ. ಅವನು ತಿಂಗಳೊಪ್ಪತ್ತಿನಲ್ಲೇ ವಿಸ್ಕಿ ಪ್ಯಾಕೆಟ್ಟಿಗೆ ಹೋದ. ಅದಕ್ಕೆ ದುಡ್ಡು ಇನ್ನೂ ಜಾಸ್ತಿ.

"ಅಲ್ಲಿ ಊಟದ ಜೊತೆ ಒಂದೇ ಲೋಟ ದೊಡ್ಡಮ್ಮಾ, ಗಂಡಸರು ಹೆಂಗಸರು ಒಟ್ಟಿಗೇ ಕೂತು" ಎಂದಳು ಹುಡುಗಿ. ಅವಳು ಕಂಡದ್ದನ್ನು ಸುಳ್ಳೆನ್ನಲಾರೆ. ನಾನು ಕಂಡದ್ದನ್ನು ಮರೆಯಲೂ ಆರೆ. ಬೂದಿಯಲ್ಲಿ ಬಳ್ಳಿಯನ್ನು ಬುಟ್ಟಿ ಹೆಣೆದು ಕಾಯುವ ಕೈಗಳಿಗೆ ನನ್ನದೊಂದು ನಮಸ್ಕಾರ. ಆದರೆ ವೈನೆಂದರೆ ಸಾರಾಯಿಯಲ್ಲ ಎಂದು ಯಾರಾದರೂ ಹೇಳಿದಾಗ, ನಾನು ರುಚಿ ಕೇಳುವುದಿಲ್ಲ. ಆ ಲೋಟದ ದುಡ್ಡು ಯಾವ ಡಬ್ಬಿಯಿಂದ ಬಂತು ಎಂದು ಕೇಳುತ್ತೇನೆ.