ಶೈಲಾಕನ ಹಿಂದಿನ ಕಥೆ

ವೆನಿಸ್ಸಿನ ವರ್ತಕನ ಕಥೆಯನ್ನು ತರಗತಿಯಲ್ಲಿ ಹೇಳುವ ನಮ್ಮಂಥ ಉಪಾಧ್ಯಾಯರಿಗೆ ಶೈಲಾಕನು ಚಿರಪರಿಚಿತನು. ಸಾಲಕ್ಕೆ ಪ್ರತಿಯಾಗಿ ಒಂದು ಪೌಂಡು ಮಾಂಸವನ್ನು ಬೇಡುವ ಅವನು ನ್ಯಾಯಸಭೆಯಲ್ಲಿ ಸೋತೊಡನೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಯೆಹೂದ್ಯನೆಂದರೆ ಯಾರು, ಅವನ ಮೇಲೆ ಎಲ್ಲರಿಗೂ ಅಷ್ಟೊಂದು ಸಿಟ್ಟೇಕೆ ಎಂದು ಕೇಳುವವರು ವಿರಳ. ಕೇಳಿದರೆ ನಾವು ಹೇಳಬೇಕಾದ ಕಥೆ ನಾಟಕಕ್ಕಿಂತ ಬಹು ದೀರ್ಘವಾದುದು.

ಷೇಕ್ಸ್‌ಪಿಯರನು ಈ ನಾಟಕವನ್ನು ರಚಿಸಿದ್ದು 1596ರ ಸುಮಾರಿಗೆ. ಒಂದನೆಯ ಎಡ್ವರ್ಡನು ಯೆಹೂದ್ಯರನ್ನು ಇಂಗ್ಲೆಂಡಿನಿಂದ ಹೊರಗಟ್ಟಿದ್ದು 1290ರಲ್ಲಿ. ಅವರು ಮರಳಿ ಬಹಿರಂಗವಾಗಿ ನೆಲೆಸತೊಡಗಿದ್ದು 1656ರ ವೇಳೆಗೆ. ಶೈಲಾಕನನ್ನು ಹಳಿದು ಆನಂದಿಸಿದ ಲಂಡನ್ನಿನ ಪ್ರೇಕ್ಷಕರಲ್ಲಿ ಬಹುಮಂದಿ ತನ್ನ ಧರ್ಮವನ್ನು ಬಹಿರಂಗವಾಗಿ ಆಚರಿಸುವ ಒಬ್ಬ ಯೆಹೂದ್ಯನನ್ನೂ ಕಂಡವರಲ್ಲ! ದ್ವೇಷವು ಬದುಕಿರಲು ದ್ವೇಷಕ್ಕೆ ಗುರಿಯಾದವನು ಕಣ್ಣೆದುರು ಇರಬೇಕೆಂಬ ನಿಯಮವಿಲ್ಲವೆಂದು ಇದರಿಂದ ನಮಗೆ ತೋರುತ್ತದೆ.

ಮೂಲದಲ್ಲಿ ಇದು ಮತದ ಜಗಳ. ಯೇಸುವಿನ ಮರಣದ ಹೊಣೆಯನ್ನು ಒಂದು ಜನಾಂಗದ ಸಮಸ್ತ ಸಂತಾನದ ಮೇಲೆಯೂ ಹೊರಿಸಿದ ಬೋಧನೆ ಶತಮಾನಗಳ ಕಾಲ ನಡೆಯಿತು. ರೋಮಿನ ಧರ್ಮಸಭೆಯು ಅದನ್ನು ವಿಧ್ಯುಕ್ತವಾಗಿ ನಿರಾಕರಿಸಿದ್ದು 1965ರಲ್ಲಿ. ಇದರ ಮೇಲೆ ಹಣದ ಜಗಳವೂ ಬೆಳೆಯಿತು. ಯೂರೋಪಿನ ಬಹುಭಾಗದಲ್ಲಿ ಯೆಹೂದ್ಯನಿಗೆ ಭೂಮಿ ದಕ್ಕದು; ಕುಶಲಕರ್ಮಿಗಳ ಸಂಘಗಳು ಅವನಿಗೆ ಬಾಗಿಲು ಮುಚ್ಚಿದ್ದವು. ಬಡ್ಡಿಯನ್ನು ಪಾಪವೆಂದು ಸಾರಿ ಚರ್ಚು ಕ್ರೈಸ್ತರಿಗೆ ನಿಷೇಧಿಸಿತ್ತು. ಆದರೆ ಸಾಲವಿಲ್ಲದೆ ಅರಸರಿಗೂ ಜಮೀನುದಾರರಿಗೂ ದಿನ ಕಳೆಯದು. ಎಲ್ಲರಿಗೂ ಬೇಕಾದ, ಯಾರೂ ಮೆಚ್ಚದ ಈ ಕಸುಬು ಹೀಗೆ ಅವನ ಪಾಲಿಗೆ ಬಂದಿತು. ಅರಸನು ಅವನಿಂದ ತೆರಿಗೆ ಹಿಂಡಿದನು, ಅವನು ಸಾಲಗಾರರಿಂದ ಬಡ್ಡಿ ಹಿಂಡಿದನು, ಶಾಪ ಮಾತ್ರ ಅವನೊಬ್ಬನಿಗೇ ತಗುಲಿತು. 1190ರಲ್ಲಿ ಯಾರ್ಕ್ ಪಟ್ಟಣದ ಕೋಟೆಯಲ್ಲಿ ಆಶ್ರಯ ಪಡೆದಿದ್ದ ಸುಮಾರು 150 ಮಂದಿ ಯೆಹೂದ್ಯರು ಮಡಿದರು. ಗುಂಪು ಅಷ್ಟಕ್ಕೇ ಮನೆಗೆ ಹೋಗಲಿಲ್ಲ. ದೊಡ್ಡ ಚರ್ಚಿಗೆ ನುಗ್ಗಿ, ಅಲ್ಲಿರಿಸಿದ್ದ ಸಾಲಪತ್ರಗಳನ್ನು ಸುಟ್ಟುಹಾಕಿತು. ಧರ್ಮಾವೇಶದಲ್ಲಿಯೂ ಲೆಕ್ಕಾಚಾರ ತಪ್ಪಲಿಲ್ಲ, ನೋಡಿ.

ಪ್ಲೇಗು ಬಂದಾಗಲೂ ಅಷ್ಟೆ. ಬಾವಿಗೆ ವಿಷ ಬೆರೆಸಿದರೆಂಬ ಸುದ್ದಿಯನ್ನು ನಂಬಿ 1349ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ನೂರಾರು ಜನರನ್ನು ಸುಟ್ಟರು. ಅಲ್ಲಿಗೆ ಇನ್ನೂ ರೋಗವೇ ತಲುಪಿರಲಿಲ್ಲ.

ಇದು ಮನುಷ್ಯಸ್ವಭಾವದ ಅನಿವಾರ್ಯ ಫಲವೆನ್ನೋಣವೇ? ನಮ್ಮ ಕಾಸರಗೋಡಿನಿಂದ ಒಂದು ಹಗಲಿನ ರೈಲುಪ್ರಯಾಣದ ದೂರದಲ್ಲಿರುವ ಕೊಚ್ಚಿಯು ಇಲ್ಲವೆನ್ನುತ್ತದೆ. ಅಲ್ಲಿಯ ಮಟ್ಟಾಂಚೇರಿಯಲ್ಲಿ 1568ರಲ್ಲಿ ಕಟ್ಟಿದ ಯೆಹೂದ್ಯರ ಪ್ರಾರ್ಥನಾಮಂದಿರವು ಅರಮನೆಯ ದೇವಾಲಯದ ಪಕ್ಕದಲ್ಲಿಯೇ ನಿಂತಿದೆ. 1662ರಲ್ಲಿ ಅದಕ್ಕೆ ಹಾನಿ ಮಾಡಿದವರು ನೆರೆಹೊರೆಯವರಲ್ಲ, ಯೂರೋಪಿನಿಂದ ಬಂದ ಪೋರ್ಚುಗೀಸರು. ಅಲ್ಲಿಯ ಯೆಹೂದ್ಯರಲ್ಲಿ ಬಹುಪಾಲು ಜನ 1948ರ ಅನಂತರ ಇಸ್ರೇಲಿಗೆ ತೆರಳಿದ್ದು ತಮ್ಮ ಇಚ್ಛೆಯಿಂದ.

ಮತದ ದ್ವೇಷದಿಂದ ಪಾರಾಗಲು ಮತಾಂತರವೆಂಬ ಒಂದು ಕಿಂಡಿಯಾದರೂ ಇತ್ತು. ಸ್ಪೇನಿನಲ್ಲಿ ಅದೂ ಬಹಳ ಕಿರಿದಾಗಿತ್ತೆನ್ನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಮುಚ್ಚಿದರು. 1879ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಪತ್ರಕರ್ತನು ಪ್ರಚಾರಕ್ಕೆ ತಂದ ‘ಆಂಟಿಸೆಮಿಟಿಸಂ’ ಎಂಬ ಪದವು ದೋಷವನ್ನು ನಂಬಿಕೆಯಿಂದ ರಕ್ತಕ್ಕೆ ವರ್ಗಾಯಿಸಿತು. ರಕ್ತವನ್ನು ಬದಲಿಸುವ ಬಗೆಯುಂಟೆ? 1935ರ ನ್ಯೂರೆಂಬರ್ಗ್ ಶಾಸನಗಳು ಅಜ್ಜ ಅಜ್ಜಿಯರನ್ನು ಎಣಿಸಿ ಯೆಹೂದ್ಯನಾರೆಂದು ನಿರ್ಣಯಿಸಿದವು. 1945ರ ವೇಳೆಗೆ ಕೊಲೆಯಾದವರು ಸುಮಾರು 60 ಲಕ್ಷ.

ಈ ಮಾರಣಹೋಮಕ್ಕೆ ಸಮಿತ್ತನ್ನು ಒದಗಿಸಿದ ಬರಹಗಳಲ್ಲಿ ಒಂದು, 1903ರಲ್ಲಿ ರಷ್ಯಾದ ಪತ್ರಿಕೆಯೊಂದರಲ್ಲಿ ಬೆಳಕು ಕಂಡ ‘ಪ್ರೋಟೋಕಾಲು’ಗಳೆಂಬ ಕೂಟಲೇಖ. ಯೆಹೂದ್ಯ ಹಿರಿಯರು ಜಗತ್ತನ್ನಾಳಲು ಹೂಡಿದ ಒಳಸಂಚಿನ ದಾಖಲೆಯೆಂದು ಅದನ್ನು ಹಂಚಿದರು. ಮೌರಿಸ್ ಜೋಲಿ ಎಂಬ ಫ್ರೆಂಚ್ ವಕೀಲನ 1864ರ ಪುಸ್ತಕದಿಂದ ಪುಟಗಟ್ಟಲೆ ಕದ್ದು ಹೆಣೆದುದಿದೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1921ರಲ್ಲಿಯೇ ಸಾಲುಸಾಲು ಹೋಲಿಸಿ ತೋರಿಸಿತು. ಆದರೂ ಹಿಟ್ಲರನ ಜರ್ಮನಿಯಲ್ಲಿ ಅದು ಅಚ್ಚಾಗುತ್ತಲೇ ಹೋಯಿತು. ಇಂದಿಗೂ ಹಲವು ಭಾಷೆಗಳಲ್ಲಿ ದೊರೆಯುತ್ತದೆ. ಜೋಲಿಯ ಮೂಲ ಪುಸ್ತಕವಾದರೋ ಮೂರನೆಯ ನೆಪೋಲಿಯನ್ನನ ದಬ್ಬಾಳಿಕೆಯನ್ನು ವಿಡಂಬಿಸಿದ್ದು. ಯೆಹೂದ್ಯರ ಒಳಸಂಚಿನ ಸುಳಿವೂ ಅದರಲ್ಲಿಲ್ಲ.